ಬಾಗಿಲೊಳಗಿನ ಮಳೆ

ಹಳೆಯ ಕಾರು ಕೊಳ್ಳಲು ಬಂದವರು ಸಾಮಾನ್ಯವಾಗಿ ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ. ಮಂಗಳೂರು, ಉಡುಪಿ, ಕುಂದಾಪುರದ ಕಡೆ ಕಾರು ಸಾಕಿ ಬಲ್ಲವರು ಮೊದಲು ಬಾಗಿಲು ತೆರೆದು, ಅದರ ಕೆಳ ಅಂಚಿಗೆ ಬೆರಳು ಹಾಕಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರುತ್ತಾರೆ. ಎಂಜಿನ್ ಬಿಚ್ಚಿ ಮತ್ತೆ ಕಟ್ಟಬಹುದು, ಗೇರ್‌ಬಾಕ್ಸ್ ಗುಜರಿಯಲ್ಲಿ ಸಿಕ್ಕೀತು. ಬೆರಳಿಗೆ ಕಂದು ಪುಡಿ ಅಂಟಿತೋ, ವ್ಯಾಪಾರದ ಮಾತು ಅಲ್ಲಿಗೇ ನಿಲ್ಲುತ್ತದೆ, ಇಲ್ಲವೇ ಬೆಲೆ ಅರ್ಧಕ್ಕಿಳಿಯುತ್ತದೆ.

ಕರಾವಳಿಯ ಹಳೆಯ ಮನೆಗಳ ಶೆಡ್ಡುಗಳಲ್ಲಿ ಇವತ್ತಿಗೂ ಕಾಣಸಿಗುವ ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳಿ. ಇಟಲಿಯ ಫಿಯೆಟ್ 1100 ಕಾರಿನ ಭಾರತದ ಅವತಾರ ಇದು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ಇದನ್ನು ತಯಾರಿಸುತ್ತಿತ್ತು. 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂದರೂ ಜನ ಕೊನೆಯವರೆಗೆ ಫಿಯೆಟ್ ಎಂದೇ ಕರೆದರು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮುಂದಿನ ಕಿಟಕಿಯ ಮೂಲೆಗೆ ತ್ರಿಕೋನದ ಪುಟ್ಟ ಗಾಜು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದು ಮನೆಗೆ ತಂದ ಕಾರು ಅದು. ಹಾಗಾಗಿ ಅದನ್ನು ಗುಜರಿಗೆ ಹಾಕುವ ಮಾತೆತ್ತಿದರೆ ಮನೆಯ ಹಿರಿಯರು ಈಗಲೂ ಎದ್ದು ಒಳಗೆ ಹೋಗುತ್ತಾರೆ. 2000ದ ಆಸುಪಾಸಿನಲ್ಲಿ ತಯಾರಿ ನಿಂತಿತು. 2023ರ ಅಕ್ಟೋಬರ್ ಕೊನೆಗೆ, 20 ವರ್ಷದ ಬಳಕೆಯ ಮಿತಿ ಮುಗಿದು, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಸಾಲಿನಿಂದಲೂ ಪದ್ಮಿನಿ ಮರೆಯಾಯಿತು. ಈಗ ಉಳಿದಿರುವ ಪ್ರತಿಯೊಂದು ಪದ್ಮಿನಿಯೂ ಎರಡು ದಶಕಕ್ಕಿಂತ ಹೆಚ್ಚು ಮಳೆ ಕಂಡಿದೆ. ಅಂಬಾಸಿಡರ್ ಮತ್ತು ಮಾರುತಿ 800 ಕಾರುಗಳ ತಯಾರಿ ನಿಂತದ್ದು 2014ರಲ್ಲಿ. ಅವುಗಳ ತಗಡಿನ ದಪ್ಪ ಬೇರೆ, ಆಕಾರ ಬೇರೆ. ಬಾಗಿಲು ತುಕ್ಕು ಹಿಡಿಯುವ ರೀತಿ ಮಾತ್ರ ಒಂದೇ.

ಆ ರೀತಿ ಗೊತ್ತಾಗಬೇಕಾದರೆ ಒಂದು ಸಂಗತಿ ಒಪ್ಪಿಕೊಳ್ಳಬೇಕು. ಕಾರಿನ ಬಾಗಿಲೊಳಗೆ ನೀರು ಹೋಗಿಯೇ ಹೋಗುತ್ತದೆ. ಗಾಜು ಮೇಲೆ ಕೆಳಗೆ ಓಡಾಡುವ ಸೀಳಿಗೆ ರಬ್ಬರ್ ಬೀಡಿಂಗ್ ಇದ್ದರೂ ಅದು ನೀರನ್ನು ಪೂರ್ತಿ ತಡೆಯಲಾರದು. ಗಾಜಿನ ಮೇಲಿಂದ ಇಳಿದ ಮಳೆನೀರು ಸ್ವಲ್ಪ ಸ್ವಲ್ಪವಾಗಿ ಒಳಗೆ ಜಾರುತ್ತದೆ. ಬಾಗಿಲನ್ನು ರೂಪಿಸಿದವರಿಗೂ ಇದು ಗೊತ್ತಿತ್ತು. ಹಾಗಾಗಿಯೇ ಬಾಗಿಲ ತಳದಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳನ್ನು ಬಿಟ್ಟಿದ್ದಾರೆ. ಒಳಗಿನ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ, ನೀರು ಸೀಟಿನ ಕಡೆ ಬಾರದೆ ತಳಕ್ಕೆ ಇಳಿಯುವಂತೆ ಮಾಡಿದ್ದಾರೆ. ಹೊಸ ಕಾರಿನಲ್ಲಿ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ವರ್ಷ ಕಳೆದ ಹಾಗೆ ಬೀಡಿಂಗ್ ಬಿಸಿಲಿಗೆ ಒಣಗಿ ಬಿರಿಯುತ್ತದೆ, ತ್ರಿಕೋನದ ಗಾಜಿನ ರಬ್ಬರ್ ಕಲ್ಲಾಗುತ್ತದೆ. ಗಾಜಿನ ಯಂತ್ರ ರಿಪೇರಿ ಮಾಡಿದವರು ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡಿರುತ್ತಾರೆ. ಇಷ್ಟರಿಂದ ಒಳಹೋಗುವ ನೀರು ಹೆಚ್ಚುತ್ತದೆ. ಇನ್ನೊಂದು ಕಡೆ ಧೂಳು, ಎಲೆಚೂರು, ಗಾಜಿನ ಚಾನೆಲ್‌ನಿಂದ ಉದುರಿದ ಫೆಲ್ಟ್ ಬಟ್ಟೆಯ ನೂಲು ಎಲ್ಲ ಸೇರಿ ತಳದ ತೂತುಗಳು ಮುಚ್ಚಿಹೋಗುತ್ತವೆ. ಬಾಗಿಲ ಹೊಟ್ಟೆಯಲ್ಲಿ ಒದ್ದೆ ಮಣ್ಣಿನ ಗದ್ದೆಯೊಂದು ತಯಾರಾಗುತ್ತದೆ. ಹೊರಗೆ ಮಳೆ ನಿಂತು ಎರಡು ವಾರವಾದರೂ ಒಳಗಿನ ತೇವ ಆರುವುದಿಲ್ಲ.

ಆ ತಳದ ರಚನೆಯೇ ತುಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ. ಬಾಗಿಲೆಂದರೆ ಎರಡು ತಗಡುಗಳು: ಒಳಗೆ ಬಲ ಕೊಡುವ ಚೌಕಟ್ಟು, ಹೊರಗೆ ಬಣ್ಣ ಹೊತ್ತ ಹೊದಿಕೆ. ಹೊರತಗಡಿನ ಅಂಚನ್ನು ಕರ್ಜಿಕಾಯಿಯ ಅಂಚಿನ ಹಾಗೆ ಒಳಚೌಕಟ್ಟಿನ ಮೇಲೆ ಮಡಚಿ ಒತ್ತಿರುತ್ತಾರೆ. ಈ ಮಡಿಕೆಯ ಒಳಗಡೆಗೆ ಪೇಂಟ್ ಸರಿಯಾಗಿ ತಲುಪುವುದಿಲ್ಲ, ನೀರು ಮಾತ್ರ ಕೂದಲೆಳೆಯಷ್ಟು ಸಂದಿಯಲ್ಲೂ ಹೀರಿಕೊಂಡು ಸೇರುತ್ತದೆ. ಕೇಂಬ್ರಿಜ್‌ನ ವಿಜ್ಞಾನಿ ಯೂಲಿಕ್ ಇವಾನ್ಸ್ ಕಳೆದ ಶತಮಾನದ ಮೊದಲ ಭಾಗದಲ್ಲಿ ಮಾಡಿದ ಒಂದು ಸರಳ ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟರೆ, ಗಾಳಿ ಧಾರಾಳವಾಗಿ ಸಿಗುವ ಹನಿಯ ಅಂಚು ಸವೆಯುವುದಿಲ್ಲ. ಆಮ್ಲಜನಕ ಕಡಿಮೆ ಇರುವ ನಡುಭಾಗದಲ್ಲಿ ಕಬ್ಬಿಣ ಕರಗುತ್ತದೆ. ಮಡಿಕೆಯ ಒಳಗೆ, ಮಣ್ಣಿನ ಅಡಿಗೆ, ಬಣ್ಣದ ಗುಳ್ಳೆಯ ಕೆಳಗೆ ತುಕ್ಕು ಕೊರೆಯುವುದು ಇದೇ ಕಾರಣಕ್ಕೆ. ಗಾಳಿಯಾಡುವ ಬಯಲಲ್ಲಿ ಕಬ್ಬಿಣ ನಿಧಾನವಾಗಿ ಕೆಂಪಾಗುತ್ತದೆ. ಕಣ್ಣಿಗೆ ಕಾಣದ ಸಂದಿಯಲ್ಲಿ ತೂತು ಬೀಳುತ್ತದೆ.

ಇದಕ್ಕೆ ಉಪ್ಪು ಸೇರಿದರೆ ಕೇಳಬೇಕಾಗಿಯೇ ಇಲ್ಲ. ತಗಡಿನ ಮೇಲಿನ ತೇವದಲ್ಲಿ ವಿದ್ಯುತ್ ಹರಿಯುವುದನ್ನು ಉಪ್ಪು ಸುಲಭ ಮಾಡುತ್ತದೆ. ಅಲ್ಲದೆ, ಉಪ್ಪಿನ ಕಣ ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುವುದರಿಂದ, ಮಳೆಯಿಲ್ಲದ ಏಪ್ರಿಲ್ ರಾತ್ರಿಯಲ್ಲೂ ತಗಡು ಒದ್ದೆಯೇ. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 1000 ಮಿ.ಮೀ. ಒಳಗೆ, ಕರಾವಳಿಯಲ್ಲಿ ಅದು 3500 ಮಿ.ಮೀ. ದಾಟುತ್ತದೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹೊಳೆಬದಿಯ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾದರೂ ಅದರಲ್ಲೇ ಕಾರು ತೊಳೆಯುವುದುಂಟು. ಶುಚಿ ಮಾಡಿದೆವೆಂಬ ತೃಪ್ತಿಯಲ್ಲಿ ಗಾಜಿನ ಸೀಳಿಗೆ ಉಪ್ಪುನೀರು ಹೊಯ್ದ ಹಾಗಾಗುತ್ತದೆ ಅದು. ಹಾಗಾಗಿ ಒಂದೇ ವರ್ಷ ತಯಾರಾದ ಎರಡು ಪದ್ಮಿನಿಗಳಲ್ಲಿ ಬಳ್ಳಾರಿಯದ್ದು ಬರಿಯ ಬಣ್ಣ ಮಾಸಿ ನಿಂತಿರುತ್ತದೆ, ಮಲ್ಪೆಯದ್ದು ಬಾಗಿಲ ತಳವನ್ನೇ ಕಳೆದುಕೊಂಡಿರುತ್ತದೆ.

ಹೊರಗಿನಿಂದ ನೋಡಿದರೆ ಮೊದಲು ಕಾಣುವುದು ಬಾಗಿಲ ಕೆಳಭಾಗದಲ್ಲಿ ಅವರೆಕಾಳು ಗಾತ್ರದ ಒಂದು ಗುಳ್ಳೆ. ಇದೇನು ಮಹಾ, ಸ್ವಲ್ಪ ಉಜ್ಜಿ ಟಚಪ್ ಮಾಡಿದರಾಯಿತು ಅನ್ನಿಸುತ್ತದೆ. ತುಕ್ಕು ಅಲ್ಲಿ ಶುರುವಾದದ್ದಲ್ಲ, ಒಳಗಿನಿಂದ ತಿಂದುಕೊಂಡು ಬಂದು ಅಲ್ಲಿ ಹೊರಬಿದ್ದದ್ದು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ; ಆ ಒತ್ತಡಕ್ಕೆ ಮಡಿಕೆ ಬಾಯಿ ಬಿಡುತ್ತದೆ, ಬಣ್ಣ ಮೇಲೇಳುತ್ತದೆ. ಗುಳ್ಳೆ ಕಾಣುವ ಹೊತ್ತಿಗೆ ಒಳಚೌಕಟ್ಟಿನ ತಳ ಅರ್ಧ ಹೋಗಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಬನ್ನಿ. ಗಟ್ಟಿ ತಗಡು ಖಣಖಣ ಅನ್ನುತ್ತದೆ. ತುಕ್ಕು ತಿಂದದ್ದು, ಇಲ್ಲವೇ ಹಿಂದೆ ಯಾರೋ ಪಟ್ಟಿ, ಅಂದರೆ ಒಣಗಿ ಗಟ್ಟಿಯಾಗುವ ಮೆತ್ತು, ತುಂಬಿದ್ದು, ಮಂಕಾಗಿ ಸದ್ದು ಮಾಡುತ್ತದೆ. ಒಂದು ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಆಡಿಸಿದರೂ ಸಾಕು, ಅದು ಎಲ್ಲಿ ಹಿಡಿಯದೆ ಜಾರುತ್ತದೋ ಅಲ್ಲಿ ತಗಡಿಲ್ಲ.

ಪಟ್ಟಿಯ ಬಗ್ಗೆ ಹೇಳಲೇಬೇಕು, ಏಕೆಂದರೆ ಹೆಚ್ಚಿನ ಬಾಗಿಲುಗಳು ಸಾಯುವುದು ಅದರಿಂದ. ತೂತಿನ ಸುತ್ತ ಒಂದಿಷ್ಟು ಉಜ್ಜಿ, ಹಿಂದೆ ಜಾಲರಿಯನ್ನೋ ಫೈಬರ್ ಮ್ಯಾಟನ್ನೋ ಇಟ್ಟು, ಮೇಲೆ ಪಟ್ಟಿ ಮೆತ್ತಿ, ವಾಟರ್ ಪೇಪರ್‌ನಲ್ಲಿ ಉಜ್ಜಿ ಬಣ್ಣ ಹೊಡೆದರೆ ಎರಡೇ ದಿನದಲ್ಲಿ ಬಾಗಿಲು ಹೊಸದರ ಹಾಗೆ ಹೊಳೆಯುತ್ತದೆ. ಮಾರುವವರಿಗೆ ಅಷ್ಟು ಸಾಕು. ಆದರೆ ಪಾಲಿಯೆಸ್ಟರ್ ಪಟ್ಟಿ ನೀರು ಹೀರುವ ವಸ್ತು. ಹಿಂದಿನಿಂದ ತೇವ ತಾಗುತ್ತಲೇ ಇದ್ದರೆ ಅದು ನೀರನ್ನು ತಗಡಿಗೆ ಅಂಟಿಸಿ ಹಿಡಿದುಕೊಳ್ಳುತ್ತದೆ. ಒಂದು ಮಳೆಗಾಲ, ಹೆಚ್ಚೆಂದರೆ ಎರಡು. ಆಮೇಲೆ ಪಟ್ಟಿ ಹಕ್ಕಳೆಯಾಗಿ ಕಳಚಿ ಬೀಳುತ್ತದೆ, ಆಗ ತೂತು ಮೊದಲಿನ ಎರಡರಷ್ಟು. ಪಟ್ಟಿಯದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಗಟ್ಟಿ ತಗಡಿನ ಮೇಲೆ ಸುತ್ತಿಗೆಯ ಗುರುತು ಮುಚ್ಚಲು ತೆಳ್ಳಗೆ ಎಳೆಯುವುದು ಅದರ ಕೆಲಸ. ಇಲ್ಲದ ತಗಡಿನ ಜಾಗದಲ್ಲಿ ಅದನ್ನು ಕೂರಿಸಿ ದುಡ್ಡು ತೆಗೆದುಕೊಳ್ಳುವುದು ಮೋಸ. ಮೂರು ದಶಕ ಕಾರನ್ನು ಮಗುವಿನ ಹಾಗೆ ನೋಡಿಕೊಂಡ ವಯಸ್ಸಾದವರೊಬ್ಬರು ಆ ಹಕ್ಕಳೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಲ್ಲುವುದನ್ನು ಕಂಡಾಗ ಹೊಟ್ಟೆಗೆ ಬೆಂಕಿ ಬೀಳುತ್ತದೆ.

ಸರಿಯಾದ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ಅದು ಬಿಚ್ಚುವುದರಿಂದ ಶುರು. ಪ್ಯಾಡ್, ಹ್ಯಾಂಡಲ್, ಲಾಕು, ಗಾಜಿನ ಯಂತ್ರ, ಚಾನೆಲ್, ಕೊನೆಗೆ ಗಾಜು, ಎಲ್ಲ ಹೊರಬರಬೇಕು. ಗಾಜು ಹಾಗೇ ಇರಲಿ ಅಂದವರ ಗಾಜಿನ ಮೇಲೆ ಗ್ರೈಂಡರ್ ಕಿಡಿ ಕೂತು ಚುಕ್ಕೆ ಚುಕ್ಕೆಯಾಗಿ ಕಚ್ಚಿಕೊಳ್ಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಒಳಗೆ ಸದ್ದಡಗಿಸಲು ಅಂಟಿಸಿದ ಡಾಂಬರು ಹಾಳೆ ಇದ್ದರೆ ವೆಲ್ಡಿಂಗ್ ಬಿಸಿಗೆ ಹೊತ್ತಿಕೊಳ್ಳುತ್ತದೆ, ಅದನ್ನೂ ಕೆರೆದು ತೆಗೆಯಬೇಕು. ಬಾಗಿಲನ್ನು ಕಾರಿನಿಂದ ಇಳಿಸುವ ಮೊದಲು ಇನ್ನೊಂದು ಪರೀಕ್ಷೆ ಇದೆ: ಅರ್ಧ ತೆರೆದು, ತುದಿ ಹಿಡಿದು ಮೇಲಕ್ಕೆತ್ತಿ ನೋಡುವುದು. ಕಡಕಡ ಅಲ್ಲಾಡಿದರೆ ಹಿಂಜಿನ ಪಿನ್ ಸವೆದಿದೆ. ಅದನ್ನು ಮೊದಲು ಸರಿಮಾಡದೆ ತಳಕ್ಕೆ ಹೊಸ ತಗಡು ಕಟ್ಟಿದರೆ, ಜೋತುಬಿದ್ದ ಬಾಗಿಲಿನ ಅಳತೆಗೇ ಕಟ್ಟಿದ ಹಾಗಾಗುತ್ತದೆ. ಆಮೇಲೆ ಪಿನ್ ಹಾಕಿದ ದಿನ ಯಾವ ಸಂದಿಯೂ ಕೂಡುವುದಿಲ್ಲ.

ಮುಂದಿನದು ಧೈರ್ಯದ ಕೆಲಸ, ಕತ್ತರಿಸುವುದು. ತುಕ್ಕು ಕಾಣುವಲ್ಲಿಗೆ ನಿಲ್ಲಿಸಬಾರದು. ಉಜ್ಜಿದಾಗ ಬೆಳ್ಳಗೆ ಹೊಳೆಯುವ ತಗಡು ಸಿಗುವ ತನಕ ಹೋಗಬೇಕು. ಕಾಗದದಷ್ಟು ತೆಳುವಾದ ತಗಡಿಗೆ ವೆಲ್ಡಿಂಗ್ ನಿಲ್ಲುವುದಿಲ್ಲ, ತಾಗಿದಲ್ಲೆಲ್ಲ ಉರಿದು ತೂತಾಗುತ್ತದೆ. ಹೊರತಗಡನ್ನು ಎಲ್ಲಿ ಕೊಯ್ಯಬೇಕು ಎನ್ನುವುದರಲ್ಲೇ ಟಿಂಕರನ, ಅಂದರೆ ತಗಡಿನ ಕೆಲಸಗಾರನ, ಅನುಭವ ಗೊತ್ತಾಗುತ್ತದೆ. ಬಾಗಿಲ ನಡುವಿನ ಸಪಾಟು ಜಾಗದಲ್ಲಿ ಜೋಡಿಸಿದರೆ ಬಿಸಿಗೆ ತಗಡು ಉಬ್ಬಿ, ಬೆರಳಿಟ್ಟರೆ ಡಬಕ್ಕನೆ ಒಳಹೋಗಿ ಹೊರಬರುತ್ತದೆ. ಬಾಗಿಲಿನ ಉದ್ದಕ್ಕೂ ಇರುವ ಗೆರೆ ಅಥವಾ ಬಾಗಿನ ಹತ್ತಿರ ಕೊಯ್ದರೆ ಅಲ್ಲಿ ತಗಡಿಗೆ ಸಹಜವಾಗಿಯೇ ಬಿಗಿ ಇರುವುದರಿಂದ ಅಷ್ಟು ಸೊಟ್ಟಗಾಗುವುದಿಲ್ಲ.

ಮೊದಲು ಕಟ್ಟಬೇಕಾದ್ದು ಒಳಚೌಕಟ್ಟಿನ ತಳ. ಹೊರಗೆ ಕಾಣದ ಭಾಗವೆಂದು ಇದನ್ನು ಬಿಟ್ಟು ಹೊರತಗಡಿಗೆ ಮಾತ್ರ ಪಟ್ಟೆ ಹೊಡೆಯುವವರಿದ್ದಾರೆ. ಹಾಗೆ ಮಾಡಿದರೆ ಬಾಗಿಲು ಹಾಕಿದಾಗಲೆಲ್ಲ ಇಡೀ ಹೊಡೆತ ಹೊರತಗಡಿಗೇ ಬೀಳುತ್ತದೆ. 20 ಅಥವಾ 22 ಗೇಜಿನ, ಅಂದರೆ ಮುಕ್ಕಾಲರಿಂದ 0.9 ಮಿ.ಮೀ. ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಇದಕ್ಕೆ ಸರಿ. ಜಿಐ ಶೀಟಿನ ಸತುವಿನ ಲೇಪ ತುಕ್ಕು ತಡೆಯುತ್ತದೆ ಎನ್ನುವುದು ನಿಜ. ಆದರೆ ವೆಲ್ಡಿಂಗ್ ಜಾಗದಲ್ಲಿ ಆ ಲೇಪ ಉರಿದು ಬಿಳಿ ಹೊಗೆಯಾಗುತ್ತದೆ, ಅದನ್ನು ಉಸಿರಾಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಇಂಥ ಕೆಲಸ ಮಾಡುವ ಹುಡುಗರ ಬಗ್ಗೆ ಮಾಲೀಕರು ಗಮನವಿಡಬೇಕು. ಹೊಸ ತಳದಲ್ಲಿ ನೀರಿನ ತೂತುಗಳನ್ನು ಮೊದಲಿದ್ದ ಜಾಗದಲ್ಲೇ ಕೊರೆಯಬೇಕು. ಹೇಳಿದರೆ ನಂಬಲಿಕ್ಕಿಲ್ಲ, ಚೆಂದವಾಗಿ ಕಟ್ಟಿದ ಎಷ್ಟೋ ಬಾಗಿಲುಗಳಲ್ಲಿ ತೂತು ಕೊರೆಯುವುದನ್ನೇ ಮರೆತಿರುತ್ತಾರೆ. ಅಂಥ ಬಾಗಿಲು ಮೊದಲ ಮಳೆಗೇ ತೊಟ್ಟಿಯಾಗುತ್ತದೆ.

ನಮ್ಮ ಹಳೆಯ ಟಿಂಕರ್‌ಗಳು ಗ್ಯಾಸ್ ವೆಲ್ಡಿಂಗ್‌ನಲ್ಲಿ ಪಳಗಿದವರು. ಅದರ ಬೆಸುಗೆ ಮೆದು, ಸುತ್ತಿಗೆಯಿಂದ ಬಡಿದು ಸಮ ಮಾಡಬಹುದು; ಆದರೆ ಬಿಸಿ ಅಗಲಕ್ಕೆ ಹರಡುತ್ತದೆ. ಈಗ ಬಂದಿರುವ ಸಿಓಟು ವೆಲ್ಡಿಂಗ್‌ನಲ್ಲಿ ಬಿಸಿ ಒಂದೇ ಕಡೆ ನಿಲ್ಲುತ್ತದೆ, ಬೆಸುಗೆ ಮಾತ್ರ ಗಡಸು. ಯಾವುದಾದರೂ ಒಂದೇ ಎಳೆತಕ್ಕೆ ಉದ್ದ ಗೆರೆ ಎಳೆಯಬಾರದು. ಇಲ್ಲಿ ಒಂದು ಚುಕ್ಕಿ, ಗೇಣು ದೂರದಲ್ಲಿ ಇನ್ನೊಂದು, ಮತ್ತೆ ಆ ಕಡೆ ಮಗದೊಂದು. ನಡುನಡುವೆ ಒದ್ದೆ ಬಟ್ಟೆ ಒತ್ತಿ ತಣಿಸಿ, ಬಾಗಿಲನ್ನು ಕಾರಿಗೆ ಸಿಕ್ಕಿಸಿ ಸಂದಿ ನೋಡಿ, ಮತ್ತೆ ಇಳಿಸಿ, ಹೀಗೆ ಚುಕ್ಕಿಗಳು ಕೂಡಿ ಗೆರೆಯಾಗಬೇಕು. ಹೊರತಗಡಿನ ಕೆಳ ಅಂಚನ್ನು ಮಡಚುವಾಗಲೂ ಅದೇ ತಾಳ್ಮೆ ಬೇಕು. ಸುತ್ತಿಗೆಯ ಏಟಿಗೆ ಆಸರೆಯಾಗುವ ಡಾಲಿಯನ್ನು ಹೊರಮೈಗೆ ಒತ್ತಿಹಿಡಿದು, ಒಂದು ಸುತ್ತಿನಲ್ಲಿ ಅರ್ಧ ಬಗ್ಗಿಸಿ, ಇನ್ನೊಂದು ಸುತ್ತಿನಲ್ಲಿ ಪೂರ್ತಿ ಕೂರಿಸಬೇಕು. ಮಡಚುವ ಮುಂಚೆಯೇ ಎರಡೂ ತಗಡಿನ ಒಳಮೈಗೆ ಪ್ರೈಮರ್ ಹೊಡೆದಿರಬೇಕು. ಮಡಚಿದ ಮೇಲೆ ಅಲ್ಲಿಗೆ ಯಾವ ಬ್ರಷ್ಷೂ ಹೋಗುವುದಿಲ್ಲ. ಹೊಸ ಬಾಗಿಲಾದಾಗ ಕಾರ್ಖಾನೆ ಎಲ್ಲಿ ಸೋತಿತ್ತೋ ಆ ಜಾಗವನ್ನು ಗೆಲ್ಲಲು ಟಿಂಕರನಿಗೆ ಸಿಗುವ ಅವಕಾಶ ಇದೊಂದೇ.

ಪೂರ್ತಿ ಕತ್ತರಿಸಲಾಗದ ಮೂಲೆಗಳಲ್ಲಿ ತುಸು ತುಕ್ಕು ಉಳಿಯುತ್ತದೆ. ಅದಕ್ಕೆ ಎರಡು ಬಗೆಯ ಮದ್ದು ಅಂಗಡಿಯಲ್ಲಿ ಸಿಗುತ್ತದೆ, ಎರಡರ ರಸಾಯನವೂ ಈ ನೆಲಕ್ಕೆ ಹೊಸದಲ್ಲ. ಒಂದರಲ್ಲಿ ಇರುವುದು ಟ್ಯಾನಿಕ್ ಆಮ್ಲ. ಅದು ತುಕ್ಕಿನ ಜೊತೆ ಸೇರಿ ಗಟ್ಟಿಯಾದ ಕಪ್ಪು ಪದರವಾಗುತ್ತದೆ. ಅಳಲೆಕಾಯಿಯ ಒಗರಿನಲ್ಲಿ ನೆನೆಸಿದ ಬಟ್ಟೆಗೆ ತುಕ್ಕು ಕಬ್ಬಿಣ, ಬೆಲ್ಲ ಕೊಳೆಸಿದ ನೀರು ತಾಗಿಸಿ ಕಲಂಕಾರಿಯವರು ಕಪ್ಪು ಗೆರೆ ಬರೆಯುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ ರಸಾಯನ. ಇನ್ನೊಂದರಲ್ಲಿ ಇರುವುದು ಫಾಸ್ಫಾರಿಕ್ ಆಮ್ಲ. ಅದು ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಹೊದಿಕೆ ಕಟ್ಟುತ್ತದೆ. ದೆಹಲಿಯ ಕಬ್ಬಿಣದ ಕಂಬ 1600 ವರ್ಷ ಬಾಳಿದ್ದಕ್ಕೆ ಅದರ ಕಬ್ಬಿಣದಲ್ಲಿ ಹೆಚ್ಚಾಗಿದ್ದ ರಂಜಕ, ಅದರಿಂದ ಮೇಲೆ ಕಟ್ಟಿದ ಫಾಸ್ಫೇಟ್ ಪದರ ಕಾರಣವೆಂದು ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ದೆಹಲಿಯ ಗಾಳಿ ಒಣಗಾಳಿ ಎನ್ನುವವರು ನಮ್ಮ ಕೊಡಚಾದ್ರಿಗೆ ಹೋಗಿ ಬರಲಿ. ಪಶ್ಚಿಮಘಟ್ಟದ ಜಡಿಮಳೆಯಲ್ಲೂ ಉಳಿದು, ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ನಿಂತಿರುವ ಕಬ್ಬಿಣದ ಕಂಬವನ್ನು ಲೋಹವಿಜ್ಞಾನಿಗಳು ಹೋಗಿ ಪರೀಕ್ಷಿಸಿದ್ದಾರೆ. ಬಾಗಿಲಿನ ತಗಡು ಆ ಕಂಬದಷ್ಟು ದಪ್ಪವಲ್ಲ, ಅಷ್ಟು ಶುದ್ಧ ಕಮ್ಮಾರಿಕೆಯದೂ ಅಲ್ಲ. ಹಾಗಾಗಿ ಬಾಟಲಿಯ ಮದ್ದಿನ ಮೇಲೆ ಅತಿ ಭರವಸೆ ಬೇಡ. ಉದುರುವ ತುಕ್ಕನ್ನು ತಂತಿಬ್ರಷ್‌ನಲ್ಲಿ ಪೂರ್ತಿ ತೆಗೆದ ಮೇಲೆ ಅಂಟಿಕೊಂಡು ಉಳಿದ ಪದರಕ್ಕೆ ಮಾತ್ರ ಅದು ನಾಟುತ್ತದೆ. ಮೇಲೆ ಎಪಾಕ್ಸಿ ಪ್ರೈಮರ್ ಹೊಡೆದರೆ ಒಳ್ಳೆಯದು. ಬರಿಯ ರೆಡ್ ಆಕ್ಸೈಡ್ ತೇವವನ್ನು ಅಷ್ಟಾಗಿ ತಡೆಯದು.

ಕೆಲವು ಬಾಗಿಲುಗಳನ್ನು ಕಟ್ಟುವುದಕ್ಕಿಂತ ಬದಲಿಸುವುದೇ ಮೇಲು. ಹಿಂಜು ಕೂರುವ ಕಡೆಯ ಚೌಕಟ್ಟೇ ಕರಗಿದ್ದರೆ ಬೇರೆ ದಾರಿಯಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿ ಓಣಿಗಳಲ್ಲಿ ಹುಡುಕಬಹುದು. ಹುಡುಕುವಾಗ ಬಣ್ಣ ನೋಡಬೇಡಿ, ಆ ಬಾಗಿಲು ಯಾವ ಊರಿನ ಕಾರಿನದೆಂದು ಕೇಳಿ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಬೆಂದ ಬಾಗಿಲು ಸಿಕ್ಕರೆ, ನೆಗ್ಗು ಎಷ್ಟಿದ್ದರೂ ತೆಗೆದುಕೊಳ್ಳಿ. ನೆಗ್ಗು ಎಬ್ಬಿಸಬಹುದು.

ಬಣ್ಣವಾದ ಮೇಲೆ ಕೆಲಸ ಮುಗಿಯಿತೆಂದು ಹೆಚ್ಚಿನವರು ಕಾರು ಓಡಿಸಿಕೊಂಡು ಹೋಗುತ್ತಾರೆ. ಒಳಗಿನ ಮೇಣ ಬಾಕಿ ಇರುತ್ತದೆ. ಸಂದಿಗಳಿಗೆ ಸೀಲರ್ ಹಚ್ಚಿ ಒಣಗಿದ ಮೇಲೆ, ಉದ್ದ ನಳಿಗೆಯ ಸ್ಪ್ರೇಯಿಂದ ಬಾಗಿಲ ಹೊಟ್ಟೆಗೆ ತೆಳುವಾದ ಮೇಣ ಹೊಡೆದರೆ ಅದು ಮಡಿಕೆಯ ಒಳಗೆ ತಾನೇ ಹರಿದು ಕೂರುತ್ತದೆ. ಆಮೇಲೆ ತೂತುಗಳು ಮೇಣದಿಂದ ಮುಚ್ಚಿಹೋಗಿಲ್ಲವೆಂದು ಕಡ್ಡಿ ಹಾಕಿ ನೋಡಬೇಕು. ಕರಾವಳಿಯಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿಯೆಂದರೆ ಮಳೆಗಾಲಕ್ಕೆ ಮೊದಲು ಸುಟ್ಟ ಎಂಜಿನ್ ಆಯಿಲ್ ಹೊಡೆಯುವುದು. ತುಕ್ಕಿಗೆ ಅದು ತಡೆಯಾಗುತ್ತದೆ, ನಿಜ. ಆದರೆ ರಬ್ಬರ್‌ಗಳು ಊದಿಕೊಳ್ಳುತ್ತವೆ, ತೊಟ್ಟಿಕ್ಕಿದ ಎಣ್ಣೆ ಅಂಗಳದ ಮಣ್ಣಿಗಿಳಿದು ಬಾವಿಯ ದಾರಿ ಹಿಡಿಯುತ್ತದೆ. ಮೇಣ ಸಿಗುವ ಈ ಕಾಲದಲ್ಲಿ ಅದನ್ನು ಬಿಡುವುದೇ ಒಳಿತು. ಹೊಸ ಬೀಡಿಂಗ್ ಹಾಕಿ, ಪ್ಯಾಡಿನ ಹಿಂದೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಪತ್ತನಾಜೆಗೆ ಮೊದಲು, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ವರ್ಷಕ್ಕೊಮ್ಮೆ ತೂತು ಬಿಡಿಸಿ ಮೇಣ ಹೊಡೆದರೆ ಕಟ್ಟಿದ ಬಾಗಿಲು ಬಹುಕಾಲ ಬಾಳುತ್ತದೆ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಲೆಕ್ಕದ ಉತ್ತರ ನನ್ನಲ್ಲಿಲ್ಲ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು. ಅದಕ್ಕೆ ಮೊದಲು ಕಾರು ಎಫ್‌ಸಿ ಪರೀಕ್ಷೆಯಲ್ಲಿ ಪಾಸಾಗಬೇಕು. 50 ವರ್ಷ ದಾಟಿದ ಕಾರುಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ಪ್ರತ್ಯೇಕ ನಿಯಮ ಬಂದಿದೆ, ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಹೊಗೆ ಉಗುಳುವ, ಬ್ರೇಕ್ ಹಿಡಿಯದ ಕಾರುಗಳು ರಸ್ತೆಯಿಂದ ಇಳಿಯಲಿ, ಅದರಲ್ಲಿ ನನ್ನ ತಕರಾರಿಲ್ಲ. ಎಂಜಿನ್ ಗಟ್ಟಿಯಿದ್ದು, ಬಾಗಿಲ ತಳ ಕರಗಿತೆಂಬ ಒಂದೇ ಕಾರಣಕ್ಕೆ ಗುಜರಿ ಸೇರುವ ಕಾರುಗಳ ಬಗ್ಗೆ ನನಗೆ ನೋವಿದೆ. ಅದಕ್ಕಿಂತ ಹೆಚ್ಚಿನ ನೋವು ಟಿಂಕರಿಂಗ್ ಕಸುಬಿನ ಬಗ್ಗೆ. ಹೊಸ ಕಾರುಗಳಿಗೆ ವಿಮೆಯ ದುಡ್ಡಿನಲ್ಲಿ ಬಾಗಿಲನ್ನೇ ಬದಲಿಸುತ್ತಾರೆ. ತಗಡು ಕೊಯ್ದು, ಬಾಗಿಸಿ, ಮಡಚಿ ಕೂರಿಸುವುದನ್ನು ಕಲಿಯಲು ಹುಡುಗರಿಗೆ ಕೆಲಸ ಸಿಗುತ್ತಿಲ್ಲ. ಈ ವಿದ್ಯೆ ಕೈಯಿಂದ ಕೈಗೆ ದಾಟುವಂಥದ್ದು. ಎರಡು ದಿನದ ಪಟ್ಟಿ ಕೆಲಸಕ್ಕೂ ಹದಿನೈದು ದಿನದ ತಗಡಿನ ಕೆಲಸಕ್ಕೂ ಒಂದೇ ದುಡ್ಡು ಕೊಡುತ್ತೇವೆಂದು ಗಿರಾಕಿಗಳು ಹಟ ಹಿಡಿದರೆ, ಒಳ್ಳೆಯ ಟಿಂಕರನೂ ಪಟ್ಟಿ ಡಬ್ಬಿಯನ್ನೇ ಎತ್ತಿಕೊಳ್ಳುತ್ತಾನೆ.

ಆದ್ದರಿಂದ ಬಾಗಿಲು ಕಟ್ಟಿಸುವವರಿಗೆ ನನ್ನದೊಂದು ಕೋರಿಕೆ. ಬಣ್ಣ ಮುಗಿದ ದಿನ ಹೋಗಿ ಹೊಳಪು ನೋಡಿ ದುಡ್ಡು ಎಣಿಸಬೇಡಿ. ಪ್ರೈಮರ್ ಹೊಡೆಯುವ ಹಿಂದಿನ ದಿನ ಹೋಗಿ. ಬಾಗಿಲು ಬರಿಮೈಯಲ್ಲಿ ಸ್ಟ್ಯಾಂಡಿನ ಮೇಲೆ ಮಲಗಿರುತ್ತದೆ. ಒಳಗಿನ ತಳ ತೋರಿಸಿ ಎನ್ನಿ, ಮಡಿಕೆಗೆ ಏನು ಹೊಡೆದಿರಿ ಎಂದು ಕೇಳಿ, ನೀರಿನ ತೂತು ಎಣಿಸಿ, ಬೆಸುಗೆಯ ಗೆರೆಯ ಮೇಲೆ ಕೈಯಾಡಿಸಿ. ಕೆಲಸ ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಅಲ್ಲೇ, ಕಲಿಯುವ ಹುಡುಗರಿಗೆ ಕೇಳುವಂತೆ ಹೇಳಿ, ಮಾತಾಡಿದ ದುಡ್ಡಿನಲ್ಲಿ ಅರ್ಧವನ್ನು ಆಗಲೇ ಕೊಟ್ಟು ಬನ್ನಿ.